ಕೂತೇ ಊರು ಸುತ್ತುವವಳು

ಜನವರಿ 19, ಭಾನುವಾರ

ಮನೆ ಒರೆಸುವ ಕೆಲಸ ಇವತ್ತೂ ಮಗಳು ಇಂಚರಾಳದೇ. ಕುಂಡೆಯ ಮೇಲೆ ಜಾರಿಕೊಂಡು ಹಾಲ್, ಅಡುಗೆಮನೆ, ಬಾಲ್ಕನಿ — ಎಲ್ಲ ಸುತ್ತಿದಳು. ಚಡ್ಡಿ ಕಪ್ಪು. ಒಂದೂವರೆ ವರ್ಷ ತುಂಬಿತು. ಅಂಬೆಗಾಲೇ ಇಡದವಳು ಇನ್ನು ನಡೆಯುವುದೆಲ್ಲಿ. ನಿಲ್ಲಿಸೋಣ ಅಂತ ಎತ್ತಿದರೆ ಕಾಲು ಮಡಚಿಕೊಳ್ಳುತ್ತಾಳೆ, ನೆಲ ಸುಡುತ್ತದೇನೋ ಅನ್ನುವ ಹಾಗೆ.

ಕೆಳಗಿನ ಮನೆ ಬಿಲ್ಕೀಸ್ ಆಂಟಿಯ ಮೊಮ್ಮಗ ಉಮೈರ್ ಇವಳಿಗಿಂತ ಚಿಕ್ಕವನು. ಬಾಗಿಲಿಗೆ ಬಂದು ನಮ್ಮ ಚಪ್ಪಲಿ ಹೊತ್ತುಕೊಂಡು ಓಡುತ್ತಾನೆ. ಅದನ್ನು ನೋಡಿ ಮಾವ ಶುರು ಮಾಡಿದರು. "ನಮ್ಮ ವಿಕ್ರಮ್ ಹತ್ತು ತಿಂಗ್ಳಿಗೇ ಓಡ್ತಿದ್ದ ಕಣಮ್ಮ ರಂಜನಾ." ಅತ್ತೆ ಎದ್ದು ಒಳಗೆ ಹೋದರು. ಮಾವನ ಬಾಯಲ್ಲಿ ನನ್ನ ಗಂಡ ಇನ್ನೂ ಓಡುತ್ತಲೇ ಇದ್ದಾನೆ. ನಿಜವಾದ ವಿಕ್ರಮ್ ಸೋಫಾ ಬಿಟ್ಟು ಏಳಲ್ಲ.

ಜನವರಿ 22, ಆಫೀಸ್, ಲಂಚ್

ಮೊಬೈಲ್‌ನಲ್ಲಿ ಓದುತ್ತಾ ಕೂತೆ. ಓದಬಾರದಿತ್ತು... ಏನೇನೋ ಕಾಯಿಲೆಗಳ ಹೆಸರು. ಊಟ ಸೇರಲಿಲ್ಲ. ಭಯ ಆಗುತ್ತಿದೆ. ವಿಕ್ರಮ್‌ಗೆ ಫೋನ್ ಮಾಡಿದರೆ "ನಡೀತಾಳೆ ಬಿಡೇ" ಅಂತಾನೆ. ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡೆ.

ಜನವರಿ 27, ಸಂಜೆ

ರಜೆ ಹಾಕಿ ಕಾಕ್ಸ್‌ಟೌನ್‌ಗೆ, ಡಾಕ್ಟರ್ ನಾಜಿಶ್ ಹತ್ತಿರ. ಅತ್ತೆಯೂ ಬಂದರು. ಡಾಕ್ಟರ್ ಕಾಲು ಮಡಿಸಿ ಬಿಡಿಸಿ, ಬೆನ್ನು ಒತ್ತಿ ನೋಡಿ, ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಇವಳು ಗಾಳಿಯಲ್ಲೇ ಕೂತಳು. ಡಾಕ್ಟರ್ ನಕ್ಕರು. ನನಗೆ ಅಳು ಬಂತು.

"ಕಾಲಲ್ಲಿ ಶಕ್ತಿ ಇದೆ. ಮಾತು, ಆಟ, ಎಲ್ಲ ಸರಿಯಾಗಿದೆ. ಕೆಲವು ಮಕ್ಕಳು ಹೀಗೇ, ಅಂಬೆಗಾಲು ಇಡೋದೇ ಇಲ್ಲ, ಕೂತೇ ಜಾರ್ತಾರೆ. ನಡೆಯೋದು ಲೇಟು, ಎರಡು ವರ್ಷ ಆಗ್ಬಹುದು. ಮನೇಲಿ ಯಾರಾದ್ರೂ ಹೀಗಿದ್ರಾ?"

"ಇಲ್ಲ. ಇವರಪ್ಪ ಹತ್ತು ತಿಂಗಳಿಗೇ—"

"ವಿಕ್ರಮ್ ಹಿಂಗೇ ಇದ್ದ" ಅಂದರು ಅತ್ತೆ. ಕಣ್ಣು ಗೋಡೆಯ ಕಡೆ. "ಎರಡು ವರ್ಷದ ಹತ್ರ ಎದ್ದ."

ಆಟೋದಲ್ಲಿ ಪೂರ್ತಿ ಹೊರಬಂತು. ವಿಕ್ರಮ್ ಮಗುವಾಗಿದ್ದಾಗ ಮಾವ ಫ್ಯಾಕ್ಟರಿಯಿಂದ ಡೆಪ್ಯುಟೇಶನ್ ಮೇಲೆ ಒಡಿಶಾದಲ್ಲಿ. "ಭಾನುವಾರ ನಾನು ಎಸ್‌ಟಿಡಿ ಬೂತ್‌ಗೆ ಹೋಗ್ಬೇಕು. ಇವ್ರದ್ದು ಒಂದೇ ಪ್ರಶ್ನೆ, ನಡೀತಾನಾ? ಇಲ್ಲ ಅಂದ್ರೆ ಕೆಲ್ಸ ಬಿಟ್ಟು ಬಂದ್ಬಿಡೋರು. ನಡೀತಾನೆ ಅಂದ್ಬಿಟ್ಟೆ. ಮುಂದಿನ ವಾರ ಓಡ್ತಾನೆ ಅಂತಾನೂ ಅಂದೆ. ಇವ್ರು ವಾಪಸ್ ಬರೋ ಹೊತ್ತಿಗೆ ನಿಜವಾಗ್ಲೂ ನಡೀತಿದ್ದ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ ಕಣೇ."

ಕೋಪ ಬಂತು. ಲಿಂಗರಾಜಪುರದ ಫ್ಲೈಓವರ್ ತನಕ ಇತ್ತು. ಇಳಿಯುವಷ್ಟರಲ್ಲಿ ನಗು. ಎಷ್ಟು ಹಗುರ ಆಯಿತು ಎದೆ. ಅತ್ತೆಯ ಕೈ ಹಿಡಿದುಕೊಂಡೇ ಮನೆಗೆ ಬಂದೆ.

ಜನವರಿ 28

ಮಾವನಿಗೆ ಅತ್ತೆಯೇ ಹೇಳಿದರು. ಮಾವ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ — "ಅಂದ್ರೆ ಇವಳು ನಮ್ಮ ಕಡೆಯವಳೇ."

ಫೆಬ್ರವರಿ 16

ಪಾರ್ಕ್. ಮಾವ ಬಿಲ್ಕೀಸ್ ಆಂಟಿಗೆ ಹೇಳುತ್ತಿದ್ದರು, "ನಮ್ಮ ವಂಶದಲ್ಲಿ ಮಕ್ಳು ಕೂತೇ ಊರು ಸುತ್ತೋದು. ನಿಧಾನ, ಆದ್ರೆ ಗಟ್ಟಿ." ಜಂಬ ಎಲ್ಲಿಗೂ ಹೋಗಿಲ್ಲ, ದಿಕ್ಕು ಬದಲಾಯಿಸಿದೆ ಅಷ್ಟೇ. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಏಪ್ರಿಲ್ 6, ರಾಮನವಮಿ, ಬೆಳಿಗ್ಗೆ

ಒಳಗೆ ಅತ್ತೆ ಪಾನಕ ಮಾಡುತ್ತಿದ್ದಾರೆ. ಇಂಚರಾ ಸೋಫಾ ಹಿಡಿದು ನಿಂತಿದ್ದಾಳೆ. ಈ ವಾರವೆಲ್ಲ ಹೀಗೇ, ಅಡ್ಡಡ್ಡ ಹೋಗುವುದು, ಧೊಪ್ಪನೆ ಕೂರುವುದು. ಅವಸರ ಮಾಡಬೇಡಿ ಅಂದಿದ್ದಾರೆ ಡಾಕ್ಟರ್. ಅದಕ್ಕೇ ನೋಡದವಳ ಹಾಗೆ ಬರೆಯುತ್ತಿದ್ದೇನೆ. ಮಾವ ಪೇಪರ್ ಹಿಂದೆ. ವಿಕ್ರಮ್ ಮಾತ್ರ ನಿಜವಾಗಿಯೂ ಮಲಗಿದ್ದಾನೆ.

ಸೋಫಾ ಮುಗಿಯಿತು. ಮುಂದೆ ಹಿಡಿಯಲು ಏನಿಲ್ಲ. ಈಗ ಕೂರುತ್ತಾಳೆ... ಕೂರಲಿಲ್ಲ. ಒಂದು ಕೈ ಬಿಟ್ಟಳು. ಇನ್ನೊಂದೂ. ಪೇಪರ್ ಕೆಳಗಿಳಿಯಿತು. ಅತ್ತೆ ಏಲಕ್ಕಿ ಎಲ್ಲಿ ಅಂತ ಕೇಳುತ್ತಿದ್ದಾರೆ. ಆಮೇಲೆ ಅತ್ತೆ, ಆಮೇಲೆ. ಹೆಜ್ಜೆ. ಮತ್ತೊಂದು. ನನ್ನ ಕಡೆಗೇ. ಎರಡು ಕೈಯೂ ಬೇಕೀಗ, ಈ ಪೆನ್ನು