ಮೆಷಿನ್ ನಿಂತಾಗ

ಅಪ್ಪಾ,

ಪ್ರಾರ್ಥನೆ ನಡೆಸಿದ್ದಕ್ಕೆ ನಿಮ್ಮನ್ನು ಹಿಡಿದುಕೊಂಡು ಹೋದ ಪೊಲೀಸರು ವಿಳಾಸ ಕೊಡಲಿಲ್ಲ. ಆದರೂ ಇವತ್ತಿನದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನಮ್ಮ ಹೊಲಿಗೆ ಅಂಗಡಿಯಲ್ಲಿ ಪ್ರಾರ್ಥನೆ ಇನ್ನೂ ನಡೆಯುತ್ತಿದೆ. ನೀವು ಕಲಿಸಿದ ಹಾಗೆಯೇ, ಎಲ್ಲರೂ ಮೆಷಿನ್ ತುಳಿಯುತ್ತಾ ಆ ಸದ್ದಿನ ಮರೆಯಲ್ಲಿ ಯೇಸುವಿನ ಹಾಡು ಹಾಡುತ್ತೇವೆ. ನಿಮ್ಮ ಮೆಷಿನ್ ಮುಂದೆ ಈಗ ನಾನು ಕೂರುತ್ತೇನೆ. ಪ್ರಾರ್ಥನೆಗೆ ನೀವು ಕರೆದಾಗಲೇ ಬಂದು ಕೂತಿದ್ದರೆ... ಬಿಡಿ.

ಇವತ್ತು ಹಾಡಿನ ಮಧ್ಯೆ ಯಾರೋ ಬಾಗಿಲು ಬಡಿದರು. ಬಾಯಿ ಮುಚ್ಚಿದ್ದು ಸರಿ, ಗಾಬರಿಯಲ್ಲಿ ಕಾಲನ್ನೂ ನಿಲ್ಲಿಸಿಬಿಟ್ಟೆವು! ಹಾಡು ಕೇಳದವರಿಗೂ ಆ ಮೌನ ಕೇಳಿಸಿರಬೇಕು. ಅತ್ತೆ ಬೈಬಲನ್ನು ಅರ್ಧ ಹೊಲಿದ ಲಂಗದೊಳಗೆ ತುರುಕಿದರು. ನಾನು ಬಾಗಿಲು ತೆಗೆದೆ.

ಕಟ್ಟಡದ ಕಾವಲುಗಾರ. ನಿಮ್ಮನ್ನು ಹಿಡಿದುಕೊಟ್ಟವನು ಇವನೇ ಎಂದು ಎಲ್ಲರ ಗುಮಾನಿ.

"ಬೀದೀಲಿ ಪೊಲೀಸರ ಗಾಡಿ ಬಂದಿದೆ. ಮೆಷಿನ್ ಯಾಕಮ್ಮಾ ನಿಲ್ಸಿದ್ರಿ? ತುಳೀರಿ, ತುಳೀರಿ," ಎಂದು ಪಿಸುಗುಟ್ಟಿ ಮೆಟ್ಟಿಲಿಳಿದ. ನಂಬುವುದೋ ಬಿಡುವುದೋ ತಿಳಿಯಲಿಲ್ಲ.

"ಇವತ್ತಿಗೆ ಸಾಕು ಕಣೇ, ಮನೆಗೆ ಹೋಗೋಣ," ಅಂದರು ಅತ್ತೆ.

ನಾನು ಬಂದು ನಿಮ್ಮ ಜಾಗದಲ್ಲಿ ಕೂತೆ. ಕಾಲು ಗಡಗಡ ನಡುಗುತ್ತಿತ್ತು. ಹಾಗೆಯೇ ಪೆಡಲ್ ಮೇಲಿಟ್ಟೆ. ಆ ನಡುಕಕ್ಕೇ ಚಕ್ರ ತಿರುಗಿತು, ಅಪ್ಪಾ. ಒಬ್ಬೊಬ್ಬರಾಗಿ ಎಲ್ಲರೂ ತುಳಿದರು. ನಿಂತಿದ್ದ ಸಾಲಿನಿಂದಲೇ ಹಾಡು ಎತ್ತಿಕೊಂಡೆವು.

ಗಾಡಿ ಇನ್ನೂ ಕೆಳಗೇ ಇದೆ. ಇದನ್ನು ಬರೆಯುವಾಗಲೂ ನಾನು ಕಾಲು ನಿಲ್ಲಿಸಿಲ್ಲ.