ಎರಡನೇ ಬೆಂಚಿನ ಕಿಟಕಿ ಪಕ್ಕ

ಹ್ಯಾಲರನ್ ಬೇ, ಮಿಷಿಗನ್
ಸೋಮವಾರ, ನವೆಂಬರ್ ೩೦, ೧೯೮೭

ಪ್ರೀತಿಯ ಡೆನ್ಜಿಲಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕ್ಯಾರೊಲಿನ್ ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಸೀಸೆಯನ್ನು ಕಪಾಟಿನ ಹಿಂದೆ ತಳ್ಳಿ ಹಚ್ಚಿಕೊಂಡೆ ಅನ್ನುತ್ತಿದ್ದೀಯೋ? ಮಗಳಿಗೆ ಗೊತ್ತಾಗದಿರಬಹುದು, ತಂಗಿಗೆ ಗೊತ್ತಾಗುತ್ತದೆ. ಟೂಸಾನಿನಲ್ಲಿ ನವೆಂಬರಿನಲ್ಲೂ ಅಂಗಿ ತೋಳು ಮಡಚಿಕೊಂಡು ಓಡಾಡುತ್ತೀಯಂತೆ. ಇಲ್ಲಿ ಸರೋವರದ ಗಾಳಿಗೆ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ನಾನು ಚೆನ್ನಾಗಿದ್ದೇನೆ. ನಮ್ಮ ಕ್ಲೈಡ್ ಕೂಡ ಚೆನ್ನಾಗಿದ್ದಾರೆ, ಚರ್ಚಿನ ಬಾಯ್ಲರಿನ ಜೊತೆ ಅವರ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ಎರಡು ಸಲ ಹೂಂ ಅಂದು ಕ್ಯಾರೊಲಿನ್ ಕೈಗೆ ಕೊಟ್ಟುಬಿಡುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು. ಇದನ್ನು ಅರ್ಧಕ್ಕೆ ಮಡಚಿ ಜೇಬಿಗೆ ಹಾಕಿಕೊಂಡೆಯೋ, ನಿನ್ನನ್ನು ಸುಮ್ಮನೆ ಬಿಡುವುದಿಲ್ಲ.

ನಿನ್ನೆ ಬಿಷಪ್ ಬಂದಿದ್ದರು ಅಣ್ಣಾ! ನಮ್ಮ ಸಂತ ಆಂಡ್ರೂ ಚರ್ಚಿಗೆ! ಅವರು ಯಾಕೆ ಬರುವವರಿದ್ದರು ಎಂದು ಸೆಪ್ಟೆಂಬರಿನಲ್ಲೇ ಬರೆದಿದ್ದೆ. ಗಣಿ ಮುಚ್ಚಿದ ಮೇಲೆ ಅರ್ಧ ಊರು ಖಾಲಿಯಾಗಿ, ಭಾನುವಾರ ಬರುವವರನ್ನೆಲ್ಲ ಒಂದು ವ್ಯಾನಿನಲ್ಲಿ ಕೂರಿಸಬಹುದು ಅನ್ನುವಂತಾಗಿದೆ. ಫಾದರ್ ಆಲ್ಡನ್ ಅವರಿಗೆ ನಮ್ಮದಲ್ಲದೆ ಇನ್ನೂ ಎರಡು ಊರಿನ ಚರ್ಚು. ಹಾಗಾಗಿ ಬಿಷಪ್ ಬಂದು ನೋಡಿ, ಕ್ರಿಸ್ಮಸ್ ಕಳೆದ ಮೇಲೆ ನಮ್ಮ ಬಾಗಿಲಿಗೆ ಬೀಗ ಹಾಕಬೇಕೋ ಬೇಡವೋ ಹೇಳುತ್ತೇನೆ ಅಂದಿದ್ದರು. ಬೀಗ ಬಿದ್ದರೆ ನಮ್ಮ ಆರಾಧನೆಯ ಜೊತೆಗೆ ನೆಲಮಾಳಿಗೆಯ ಗುರುವಾರದ ಊಟವೂ ನಿಂತಿತು. ಅದನ್ನು ಯೂನಿಸ್ ಅತ್ತಿಗೆ ಒಂದು ಪಾತ್ರೆ ಸ್ಟ್ಯೂ ಇಟ್ಟುಕೊಂಡು ಶುರುಮಾಡಿದ್ದು ನಿನಗೆ ನೆನಪಿದೆ. ಈಗ ಕೆಲಸ ಹೋದವರು, ಒಂಟಿ ಮುದುಕರು, ಮಕ್ಕಳೊಂದಿಗರು ಎಲ್ಲರೂ ಬರುತ್ತಾರೆ, ಗುರುವಾರ ಕೆಳಗೆ ಕಾಲಿಡಲು ಜಾಗವಿರುವುದಿಲ್ಲ. ಅತ್ತಿಗೆ ತೀರಿಕೊಂಡ ಮೇಲೆ ಆ ಒಲೆಯನ್ನು ಆರಲು ಬಿಡಬಾರದು ಎಂದು ನಾನು ಹಟ ಹಿಡಿದು ನಡೆಸುತ್ತಿದ್ದೇನೆ.

ಹಿರಿಯರ ಸಮಿತಿಯ ಸಭೆಯಲ್ಲಿ ಎಲ್ಲರ ಮುಖವೂ ಬಾಡಿತ್ತು. ಖಾಲಿ ಬೆಂಚುಗಳಿಗೆ ಹೂವು ಇಟ್ಟರೆ ಹೇಗೆ ಎಂದು ಒಬ್ಬರು ಕೇಳಿದರು. ಬಿಷಪ್ ಬರುತ್ತಿರುವುದು ಸಾವಿನ ಮನೆಗೆ ಅಂದುಕೊಂಡಾರು, ಬೇಡ ಅಂದೆ. ಆಗಲೇ ನನಗೆ ಹೊಳೆದದ್ದು. ಗುರುವಾರ ಊಟ ಬಡಿಸುವಾಗ ಮೇಜಿಂದ ಮೇಜಿಗೆ ಹೋಗಿ ಕರೆದೆ, "ಭಾನುವಾರ ಮೇಲಕ್ಕೆ ಬನ್ನಿ, ಬಿಷಪ್ ಬರ್ತಾರೆ, ಆಮೇಲೆ ಬಿಸಿಬಿಸಿ ಮಾಂಸದ ಪ್ಯಾಸ್ಟಿ ಇರತ್ತೆ." ನಾಲ್ಕಾರು ಜನ ಬಂದರೆ ಪುಣ್ಯ ಅಂದುಕೊಂಡಿದ್ದೆ. ಹಿಲ್ಯಾ ನೀಮಿ ಗೊತ್ತಲ್ಲ, ಮರದ ಮಿಲ್ಲಿನ ಅಡುಗೆಮನೆಯಲ್ಲಿದ್ದ ಫಿನ್ನಿಶ್ ಹೆಂಗಸು, ಅತ್ತಿಗೆಯ ಜೊತೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದವಳು? ಅವಳು ಸೌಟನ್ನು ನನ್ನ ಮುಖದ ಮುಂದೆ ಆಡಿಸಿ, "ನಾನು ಲುಥೆರನ್ ಪಂಥದವಳು. ನಿಮ್ಮದು ಏಳೋದು ಕೂರೋದು ಮಂಡಿ ಊರೋದು, ಅದೇನ್ ಪ್ರಾರ್ಥನೇನೋ ಕವಾಯತೋ? ನನ್ನ ಮಂಡಿಗೆ ಆಗಲ್ಲಮ್ಮ" ಅಂದಳು. ಅವಳಂತೂ ಬರುವುದಿಲ್ಲ ಎಂದು ಬಿಟ್ಟುಬಿಟ್ಟೆ.

ನಿನ್ನೆ ಬೆಳಿಗ್ಗೆ ಹಿಮ ಬೇರೆ. ಬಾಗಿಲಲ್ಲಿ ನಿಂತು ನೋಡುತ್ತೇನೆ, ಬೀದಿಯ ಆ ತುದಿಯಿಂದ ಬರುತ್ತಿದ್ದಾರೆ, ಬರುತ್ತಲೇ ಇದ್ದಾರೆ! ಗುರುವಾರದವರೆಲ್ಲ ತಲೆ ಬಾಚಿಕೊಂಡು, ಬೂಟಿನ ಹಿಮ ಒದರಿಕೊಂಡು, ಮಕ್ಕಳ ಮೂಗು ಒರೆಸಿಕೊಂಡು. ಎಲ್ಲರ ಮುಂದೆ ಹಿಲ್ಯಾ, ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ. "ನಿನ್ನ ಪ್ಯಾಸ್ಟಿ ಒಣಕಲು. ಬಿಷಪ್ಪರಿಗಾದ್ರೂ ಒಳ್ಳೇದು ಸಿಗಲಿ ಅಂತ ತಂದೆ" ಅಂದಳು. ಅಣ್ಣಾ, ಹೂರಣಕ್ಕೆ ರುಟಬೇಗಾ ಗೆಡ್ಡೆಯ ಬದಲು ಅವಳು ಕ್ಯಾರೆಟ್ ಹಾಕುತ್ತಾಳೆ! ಕಾರ್ನ್‌ವಾಲಿನಿಂದ ಬಂದ ನಮ್ಮಜ್ಜಿ ಇದ್ದಿದ್ದರೆ ತಟ್ಟೆಯನ್ನು ಹೊಸ್ತಿಲಲ್ಲೇ ತಡೆದುಬಿಡುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ಈಸಿಕೊಂಡೆ.

ಇನ್ನು ನಾವು ಮಾಡಿದ ಘನಕಾರ್ಯ ಕೇಳು. ಬಂದವರು ಅತಿಥಿಗಳು, ಅವರಿಗೆ ಮರ್ಯಾದೆ ಮಾಡಬೇಕು ಎಂದು ಎಲ್ಲರನ್ನೂ ಮುಂದಿನ ಬೆಂಚುಗಳಲ್ಲಿ ಕೂರಿಸಿದೆವು. ಮುಂದಿನ ಬೆಂಚುಗಳು ಹೇಗೂ ಖಾಲಿ, ನಮ್ಮವರು ಹುಟ್ಟಿದಾಗಿನಿಂದ ಹಿಂದೆ ಕೂರುವವರು, ಬೆಂಕಿ ಬಿದ್ದರೂ ಮುಂದೆ ಹೋಗುವವರಲ್ಲ. ಎಲ್ಲ ಅಚ್ಚುಕಟ್ಟಾಗಿದೆ ಅಂದುಕೊಂಡು ನಾನೂ ನನ್ನ ಮಾಮೂಲಿ ಜಾಗದಲ್ಲಿ ಕೂತೆ. ಬಿಷಪ್ ನೇರಳೆ ಬಣ್ಣದ ಮೇಲಂಗಿ ತೊಟ್ಟು ಬಂದರು, ಹಾಡು ಶುರುವಾಯಿತು, ಎಲ್ಲರೂ ಎದ್ದೆವು. ಅಲ್ಲಿಯವರೆಗೆ ಸರಿ. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು, ಬೈಬಲ್ ಪಾಠ ಓದಲು ಶುರುಮಾಡಿದರು, ಯಾರೂ ಕೂರುತ್ತಿಲ್ಲ! ಮುಂದಿನವರಿಗೆ ಯಾವಾಗ ಕೂರಬೇಕೋ ಗೊತ್ತಿಲ್ಲ, ಪಾಪ, ಹಿಂದೆ ತಿರುಗಿ ನಮ್ಮನ್ನು ನೋಡುತ್ತಾರೆ. ನಾವು ಅವರ ಬೆನ್ನು ನೋಡುತ್ತಾ ಕಂಬದ ಹಾಗೆ ನಿಂತಿದ್ದೇವೆ. ಕ್ಲೈಡ್ ನನ್ನ ಕಿವಿಯಲ್ಲಿ, "ಕೂರ್ಬೇಕಲ್ವೇನೇ?" ಅಂದರು. "ನಂಗೇನ್ ಗೊತ್ತು?" ಅಂದೆ. ಅಂದ ಮೇಲೆ ನನಗೇ ನಗು ಬಂತು, ನಾಚಿಕೆಯೂ ಆಯಿತು.

ಈ ಚರ್ಚಿನಲ್ಲೇ ದೀಕ್ಷಾಸ್ನಾನವಾಗಿ, ಇಲ್ಲೇ ಮದುವೆಯಾಗಿ, ಬಲಿಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಾ ಮುದುಕಿಯಾದವಳು ನಾನು. ನನಗೇ ಗೊತ್ತಿಲ್ಲ! ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ! ಯಾಕೆ ಹೇಳು? ಇಷ್ಟು ವರ್ಷ ನಾವು ಪ್ರಾರ್ಥನಾ ಪುಸ್ತಕ ನೋಡಿದವರೇ ಅಲ್ಲ, ನಿನ್ನ ಬೆನ್ನು ನೋಡಿದವರು. ಎರಡನೇ ಬೆಂಚಿನಲ್ಲಿ ನಿನ್ನ ಕಂದು ಕೋಟು ಎದ್ದರೆ ಏಳುವುದು, ಕೂತರೆ ಕೂರುವುದು, ಬಗ್ಗಿದರೆ ಮಂಡಿಯೂರುವುದು. ಏಪ್ರಿಲಿನಲ್ಲಿ ನೀನು ಹೊರಟಾಗಿನಿಂದ ಆರಾಧನೆಯಲ್ಲಿ ಏನೋ ಸರಿಯಿಲ್ಲ, ಒಬ್ಬರು ನಿಂತರೆ ಒಬ್ಬರು ಕೂರುತ್ತಾರೆ, ಎಲ್ಲರಿಗೂ ವಯಸ್ಸಾಯಿತು ಅಂದುಕೊಂಡಿದ್ದೆವು. ವಯಸ್ಸಲ್ಲ ಮಾರಾಯ, ನೀನಿಲ್ಲದ್ದು!

ಹೇಗೋ ಫಾದರ್ ಆಲ್ಡನ್ ಕೈಸನ್ನೆ ಮಾಡಿ ಕೂರಿಸಿದರು. ಬಿಷಪ್ ಪ್ರಸಂಗ ಶುರುಮಾಡಿದರು. ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲದ ಮೊದಲ ಭಾನುವಾರ ಅಲ್ಲವೇ, ಯಜಮಾನ ಯಾವ ಹೊತ್ತಿನಲ್ಲಿ ಬರುತ್ತಾನೋ ತಿಳಿಯದು, ಎಚ್ಚರವಾಗಿರಬೇಕು ಎಂಬ ಮಾತು. ಒಳ್ಳೆಯ ದನಿ, ಆದರೆ ಉದ್ದ. ಬಾಯ್ಲರ್ ನಿನ್ನೆ ಒಂದು ದಿನ ಕ್ಲೈಡ್ ಮಾತು ಕೇಳಿ ಒಳಗೆಲ್ಲ ಬೆಚ್ಚಗಾಗಿತ್ತು, ನನಗೆ ಕಣ್ಣು ಎಳೆಯುತ್ತಿತ್ತು. ಅವರು ಕೈಯೆತ್ತಿ, ಈ ಸಭೆಯಲ್ಲಿ ಎಚ್ಚರವಾಗಿರುವವರು ಯಾರು ಎಂದು ಕೇಳಿದರು ನೋಡು, ಎರಡನೇ ಬೆಂಚಿನಲ್ಲಿ ಹಿಲ್ಯಾ ದಢಕ್ಕನೆ ಎದ್ದು ನಿಂತಳು! ಅವಳು ಎದ್ದದ್ದು ಕಂಡು ಅವಳ ಬೆಂಚಿನವರು ಎದ್ದರು, ಅವರ ಹಿಂದಿನವರು ಎದ್ದರು. ನಾವು? ಎರಡನೇ ಬೆಂಚು ಎದ್ದ ಮೇಲೆ ಇನ್ನೇನು ಯೋಚನೆ, ಒಂದು ಕ್ಷಣ ತಡಮಾಡದೆ ಎದ್ದೆವು. ಇಡೀ ಚರ್ಚು ಎದ್ದು ನಿಂತಿದೆ ಅಣ್ಣಾ, ಬೆಂಚುಗಳು ಕಿರ್ ಅಂದ ಸದ್ದು ಗಂಟೆಗೋಪುರದವರೆಗೂ ಕೇಳಿಸಿರಬೇಕು! ಬಿಷಪ್ ಬಾಯಿ ತೆರೆದದ್ದು ಹಾಗೇ ಇತ್ತು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ನೇರವಾಗಿ, ಎಲ್ಲರೂ ನಿಂತು ಹೇಳುವ ವಿಶ್ವಾಸ ಪ್ರಮಾಣಕ್ಕೆ ಬಂದುಬಿಟ್ಟರು. ಪ್ರಸಂಗ ಮುಗಿದೇಹೋಯಿತು! ಲುಥೆರನ್ನರಿಗೂ ಬಾಯಿಪಾಠ ಬರುವ ಪ್ರಮಾಣ ಅದು, ಮುಂದಿನವರು ಹೇಳಿದ ದನಿಗೆ ಗಾಜು ಅದುರಿತು. ಇಷ್ಟು ದೊಡ್ಡ ದನಿ ಆ ಗೋಡೆಗಳು ಗಣಿ ನಡೆಯುತ್ತಿದ್ದಾಗ ಕೇಳಿದ್ದು, ಆಮೇಲೆ ಕೇಳಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಅತ್ತಿಗೆ ಇದನ್ನು ನೋಡಬೇಕಿತ್ತು ಅನ್ನಿಸಿತು.

ಊಟಕ್ಕೆ ಕೆಳಗಿಳಿದೆವು. ಬಿಷಪ್ ನಮ್ಮ ಮೇಜಿಗೇ ಬಂದು ಕೂತು, "ತಾಮ್ಸಿನಮ್ಮ, ಎಷ್ಟೋ ವರ್ಷದಿಂದ ಊರೂರು ಸುತ್ತಿ ಪ್ರಸಂಗ ಮಾಡ್ತಿದೀನಿ. ಜನ ನಿದ್ದೆ ಮಾಡಿದ್ದುಂಟು, ಎದ್ದು ಹೋಗಿದ್ದೂ ಉಂಟು. ಎದ್ದು ನಿಂತಿದ್ದು ಇವತ್ತೇ" ಅಂದರು. ನಾನು ಭಕ್ತಿಯ ಮುಖ ಮಾಡಿಕೊಂಡು, ಎಲ್ಲ ದೇವರ ಕೃಪೆ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಲ್ಯಾ ಅಡ್ಡ ಬಂದಳು. "ಕೃಪೆ ಗಿಪೆ ಏನಿಲ್ಲ ಸ್ವಾಮಿ, ಕಾಲು ಜೋಮು ಹಿಡೀತು. ನೀವು ಮುಗಿಸೋ ಹಾಗೆ ಕಾಣ್ಲಿಲ್ಲ." ನಾನು ಮೇಜಿನ ಕೆಳಗೆ ಹೋಗಿ ಅಡಗಿಕೊಳ್ಳಬೇಕು ಅನ್ನಿಸಿತು. ಬೀಗ ಬಿತ್ತು, ಎಲ್ಲ ಮುಗಿಯಿತು ಅಂದುಕೊಂಡೆ. ಬಿಷಪ್ ನಕ್ಕರು ನೋಡು, ನೇರಳೆ ಅಂಗಿಯ ಮೇಲೆ ಗ್ರೇವಿ ಚೆಲ್ಲುವವರೆಗೆ ನಕ್ಕರು! ಗುಟ್ಟು ಬಯಲಾದ ಮೇಲೆ ಮುಚ್ಚಿಟ್ಟು ಏನು ಪ್ರಯೋಜನ? ಮುಂದೆ ಕೂತವರು ಗುರುವಾರದ ಊಟದವರು, ನಮ್ಮ ಸಭೆಯವರಲ್ಲ, ನಾನೇ ಕರೆದದ್ದು, ನಾವು ಹಿಂದೆ ಕೂತ ಬೆರಳೆಣಿಕೆಯ ಮಂದಿ, ನಮಗೂ ಏಳುವುದು ಕೂರುವುದು ತಿಳಿಯದು ಎಂದು ಎಲ್ಲವನ್ನೂ ಒದರಿಬಿಟ್ಟೆ. ಅವರು ಸುತ್ತ ನೋಡಿದರು. ಮಕ್ಕಳು ಮೇಜಿನ ಸಂದಿಯಲ್ಲಿ ಓಡುತ್ತಿದ್ದವು, ಯಾರೋ ಯಾರಿಗೋ ಕಾಫಿ ಬಗ್ಗಿಸುತ್ತಿದ್ದರು. "ಇವರು ಊರವರು ಹೌದೋ ಅಲ್ವೋ? ಇಲ್ಲೇ ಉಣ್ತಾರೆ ಹೌದೋ ಅಲ್ವೋ? ಮತ್ತೆ ನಿಮ್ಮ ಸಭೆಯವರಲ್ಲ ಅಂತ ಯಾಕಮ್ಮ ಅಂತೀರಿ?" ಅಂದರು. ನಾನು ಎದ್ದು ಅವರ ತಟ್ಟೆಗೆ ಇನ್ನೊಂದು ಪ್ಯಾಸ್ಟಿ ಹಾಕಿದೆ. ಕ್ಲೈಡ್ ಅವರ ಆ ಮಾತನ್ನು ಇವತ್ತೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಬೀಗವಿಲ್ಲ ಅಣ್ಣಾ! "ಇಲ್ಲಿಗೆ ಕೊನೇ ಪ್ರಾರ್ಥನೆ ಮಾಡಿ ಹೋಗೋಣ ಅಂತ ಬಂದಿದ್ದೆ, ಅದನ್ನ ಬೇರೆ ಯಾವಾಗಲಾದ್ರೂ ನೋಡ್ಕೊಳೋಣ" ಅಂದರು. ಒಂದು ಷರತ್ತು ಹಾಕಿದ್ದಾರೆ, ಅದನ್ನು ಆಮೇಲೆ ಬರೆಯುತ್ತೇನೆ. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡೆವು, ನಾನು ಹಿಲ್ಯಾಳನ್ನೂ ತಬ್ಬಿಕೊಂಡೆ, ಅವಳು "ಬಿಡೇ, ಉಸಿರು ಕಟ್ಟತ್ತೆ" ಅಂದಳು. ಹೋಗುವಾಗ ಬಿಷಪ್ ದಾರಿಗೆ ಎಂದು ಎರಡು ಪ್ಯಾಸ್ಟಿ ಕಟ್ಟಿಸಿಕೊಂಡರು. ಎರಡೂ ಕ್ಯಾರೆಟ್ಟಿನವು. ಅದನ್ನು ಇನ್ನು ಎಷ್ಟು ವರ್ಷ ಅವಳ ಬಾಯಲ್ಲಿ ಕೇಳಬೇಕೋ ದೇವರೇ ಬಲ್ಲ.

ಕ್ಲೈಡ್ ಅಂಚೆ ಕಚೇರಿಗೆ ಹೊರಟು ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಕ್ಯಾರೊಲಿನ್‌ಗೂ ಮಕ್ಕಳಿಗೂ ನನ್ನ ಮುತ್ತು. ಬಿಸಿಲಿನಲ್ಲಿ ಟೋಪಿಯಿಲ್ಲದೆ ತಿರುಗಬೇಡ. ಇವತ್ತು ನಮ್ಮ ಸಂತ ಆಂಡ್ರೂ ಹಬ್ಬ, ಅವನ ಹೆಸರಿನಲ್ಲಿ ನಿನಗೆ ಒಳ್ಳೆಯದಾಗಲಿ.

ನಿನ್ನ ಬಾಯಿಬಡುಕಿ ತಂಗಿ,
ತಾಮ್ಸಿನ್

ಮರೆತಿದ್ದೆ: ಆ ಷರತ್ತು. ಫಾದರ್ ಬಾರದ ಭಾನುವಾರಗಳಲ್ಲಿ ಬೆಳಗಿನ ಪ್ರಾರ್ಥನೆ ನಡೆಸಲು ಊರಿನವರೇ ಒಬ್ಬರು ಬೇಕಂತೆ. ಯಾವಾಗ ಏಳಬೇಕು ಯಾವಾಗ ಕೂರಬೇಕು ಅನ್ನುವುದು ಗೊತ್ತಿರುವವರು. ಬಿಷಪ್ ಯಾರಿದ್ದಾರೆ ಎಂದು ಕೇಳಿದರು. ನಿನ್ನ ಹೆಸರು ಕೊಟ್ಟಿದ್ದೇನೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಜನವರಿಯ ಮೊದಲ ಭಾನುವಾರ ಅವರೇ ಬಂದು ನಿನ್ನ ತಲೆಯ ಮೇಲೆ ಕೈಯಿಟ್ಟು ಆ ಕೆಲಸಕ್ಕೆ ನೇಮಿಸುತ್ತಾರೆ. ನೀನು ಬರದಿದ್ದರೆ ಬೀಗ ತರುತ್ತಾರೆ. ಇಲ್ಲಿನ ಮನೆ ಮಾರುವ ಮಾತು ಸದ್ಯಕ್ಕೆ ಎತ್ತಬೇಡ, ಕ್ಲೈಡ್ ಆಗಲೇ ಹೋಗಿ ನಿನ್ನ ಮನೆಯ ಒಲೆ ಹೊತ್ತಿಸಿ ಬಂದಿದ್ದಾರೆ. ಪಕ್ಕದಲ್ಲಿ ಯೂನಿಸ್ ಇಲ್ಲದ ಬೆಂಚಿನಲ್ಲಿ ಕೂರಲಾರೆ ಎಂದು ಹೇಳಿ ಹೋದೆಯಲ್ಲ, ಅದು ನನಗೆ ಮರೆತಿಲ್ಲ. ನಿನ್ನೆ ಹಿಲ್ಯಾ ಕೂತದ್ದು ಅಲ್ಲೇ, ಎರಡನೇ ಬೆಂಚು, ಕಿಟಕಿ ಪಕ್ಕ, ಅತ್ತಿಗೆ ಹೊಲಿದ ಮೆತ್ತೆಯ ಮೇಲೆ. ಯಾರೂ ತೋರಿಸಿದ್ದಲ್ಲ, ಅವಳೇ ಹೋಗಿ ಕೂತಳು. ಕೇಳಿದ್ದಕ್ಕೆ, "ಯೂನಿಸ್ ಪ್ರತಿ ಗುರುವಾರ ಮೇಲಕ್ಕೆ ಬಾ, ನನ್ನ ಪಕ್ಕ ಕೂರು ಅಂತಿದ್ಲು. ನಾನೇ ಮಂಡಿ ನೆಪ ಹೇಳ್ತಿದ್ದೆ. ನಿಮ್ಮಣ್ಣಂಗೆ ಬರಕ್ಕೆ ಹೇಳು. ಪಕ್ಕದಲ್ಲಿ ಅವರ ಜಾಗ ಹಂಗೇ ಬಿಟ್ಟಿದೀನಿ" ಅಂದಳು.