ಉಣ್ಣೆಗೆ ತಾಗದ ತಂತಿ

ಗೆಥಿನ್,

ಬೇಲಿ ಹಾರಿದ ನಮ್ಮ ಟಗರು ಗುತೋನನ್ನು ಎಳೆದು ತಂದು ಕೊಟ್ಟಿಗೆಗೆ ಕೂಡುವಷ್ಟರಲ್ಲಿ ನನ್ನ ಕೈಯೆಲ್ಲ ಕೆಂಪಾಯಿತು. ಈ ಚೀಟಿಯೂ ಕೆಂಪಾಗಿದ್ದರೆ ಬೈಯಬೇಡ. ಹಸುಗಳಿಗೆ ಒಂದೆಳೆ ಕರೆಂಟು ತಂತಿ ಸಾಕು, ಸರಿ. ಅಷ್ಟು ಉಣ್ಣೆ ಹೊದ್ದ ಟಗರಿಗೆ ಅದು ತಾಗುತ್ತದೆಯೇ, ಮಹಾರಾಯ? ಯಾವ ಕುರಿಯನ್ನು ಹತ್ತಿದನೆಂದು ಗುರುತು ಸಿಗಲಿ ಅಂತ ನೀನೇ ಅವನ ಎದೆಗೆ ಬಣ್ಣ ಬಳಿದೆ. ಈಗ ಪಕ್ಕದ ಇದ್ವಾಲನ ಅರ್ಧ ಕುರಿಗಳ ಬೆನ್ನು ಕೆಂಪು!

ಹೆಣೆದ ತಂತಿಬಲೆ ತರಲು ಹೊರಟೆ. ಗೂಟ ಹೊಡೆದಿಡು, ಒತ್ತಾಗಿ. ಮುಳ್ಳುತಂತಿ ಮುಟ್ಟಬೇಡ, ಕುದುರೆಯ ಕಾಲು ಸೀಳುತ್ತದೆ. ಸಾರು ಒಲೆಯ ಮೇಲಿದೆ.

ಇನ್ನೊಮ್ಮೆ ಹಾರಿದರೆ ಮಾರೋಣ ಅಂದಿದ್ದೆಯಲ್ಲ? ಬಾಟಲಿ ಹಾಲು ಕುಡಿಸಿ ಸಾಕಿದವಳು ನಾನು. ಇದ್ವಾಲ್ ನಗುತ್ತ ಬಂದಿದ್ದ. "ನಿನ್ನ ಗಂಡನ ಬೇಲಿಗೆ ಇವನು ಬಗ್ಗಲ್ಲ ನೆಸ್ಟಾ. ಕೇಳಿದಷ್ಟು ಕೊಡ್ತೀನಿ, ನನಗೇ ಕೊಟ್ಬಿಡು" ಅಂದ.

"ಕೊಡಲ್ಲ" ಅಂದೆ.